ಖಾರ ಬನ್‌ಗೆ ಗಂಜಿ ಹಾಕಿದ ಕಥೆ

ಎರಡು ವರ್ಷದ ಹಿಂದೆ ಮಗಳು ಹಾಲು, ಮೊಸರು, ತುಪ್ಪ ಎಲ್ಲಾ ಬಿಟ್ಟಳು. ವೀಗನ್ ಅಂತೆ. ಬೆಳಗಿನ ತಿಂಡಿಗೆ ಇನ್ನೇನು ಗತಿ ಅಂತ ಸುಮ್ನೆ ತಲೆ ಕೆಡಿಸಿಕೊಂಡೆ. ಆಮೇಲೆ ಯೋಚಿಸಿದರೆ ಇಡ್ಲಿ, ನೀರುದೋಸೆ, ಅಕ್ಕಿ ರೊಟ್ಟಿ, ಒಗ್ಗರಣೆ ಅವಲಕ್ಕಿ ಯಾವುದಕ್ಕೂ ಹಾಲು ಬೇಕೇ ಇಲ್ಲ. ಉಪ್ಪಿಟ್ಟಿಗೆ ಕೊನೆಯಲ್ಲಿ ತುಪ್ಪದ ಬದಲು ಕೊಬ್ಬರಿ ಎಣ್ಣೆ ಹಾಕಿ ಕಾಯಿತುರಿ ಉದುರಿಸಿದೆ. ಯಾರೂ ಕೇಳಲಿಲ್ಲ.

ಸಿಕ್ಕಿಹಾಕಿಕೊಂಡಿದ್ದು ಖಾರ ಬನ್‌ನಲ್ಲಿ. ಭಾನುವಾರ ಬೆಳಿಗ್ಗೆ ಅಯ್ಯಂಗಾರ್ ಬೇಕರಿಯಿಂದ ಅರ್ಧ ಡಜನ್ ಬರಲೇಬೇಕು, ಬೆಂಗಳೂರಿಗೆ ಬಂದ ಮೇಲೆ ಅಂಟಿಕೊಂಡ ಚಟ. ಚಿಕ್ಕಪೇಟೆಯಲ್ಲಿ 1898ರಲ್ಲಿ ಶುರುವಾದ ಬಿ.ಬಿ. ಬೇಕರಿ ಕಾಲದಿಂದಲೂ ಈ ಬೇಕರಿಗಳ ಹೆಗ್ಗಳಿಕೆಯೇ ಮೊಟ್ಟೆ ಇಲ್ಲ ಅನ್ನೋದು. ಆದರೆ ಹಿಟ್ಟಿಗೆ ಹಾಲು, ಬೆಣ್ಣೆ ಬೀಳುತ್ತಲ್ವಾ? ಹಾಗಾಗಿ ಮನೆಯಲ್ಲೇ ಮಾಡೋಣ ಅಂತ ಹೊರಟೆ.

ಮೊದಲ ಸಲ ಹಾಲಿನ ಜಾಗದಲ್ಲಿ ನೀರು ಹಾಕಿದೆ. ಓವನ್‌ನಿಂದ ತೆಗೆದಾಗ ಚೆನ್ನಾಗಿತ್ತು, ಸಂಜೆಗೆ ಗಟ್ಟಿ. ಅತ್ತೆ ಕಾಫಿಗೆ ಅದ್ದಿ, ಕಾದು, ಮತ್ತೆ ಅದ್ದಿ, "ರಸ್ಕ್ ಚೆನ್ನಾಗಿದೆ ಕಣೆ" ಅಂದರು. ಎರಡನೇ ಸಲ ತೆಂಗಿನ ಹಾಲು. ಬನ್ ಭಾರ, ಈರುಳ್ಳಿ ಜೊತೆ ಆ ಸಿಹಿ ವಾಸನೆ ಬೇರೆ. ಮೂರನೇ ಸಲ ಹಸಿ ಈರುಳ್ಳಿಗೆ ಉಪ್ಪು ಬೆರೆಸಿ ಹಿಟ್ಟಿಗೆ ಹಾಕಿದೆ. ಅದು ನೀರು ಬಿಟ್ಟು, ಹಿಟ್ಟು ಕೈ ಬಿಡದೆ ಮೊಣಕೈವರೆಗೂ ಹತ್ತಿತು.

ಒಂದು ದಿನ ಬೆಳಿಗ್ಗೆ ರೊಟ್ಟಿಗೆ ಹಿಟ್ಟು ಉಕ್ಕರಿಸುತ್ತಿದ್ದೆ. ನಾವು ತೀರ್ಥಹಳ್ಳಿ ಕಡೆಯವರು. ಕುದಿಯುವ ನೀರಿಗೆ ಅಕ್ಕಿ ಹಿಟ್ಟು ಸುರಿದು, ಮುಚ್ಚಿ ಬೇಯಿಸಿ, ಬಿಸಿ ಇರುವಾಗಲೇ ನಾದುತ್ತೇವೆ. ಹಾಗೆ ಮಾಡಿದ್ದಕ್ಕೇ ಆ ರೊಟ್ಟಿ ತಣ್ಣಗಾದರೂ ಮೆತ್ತಗಿರುತ್ತೆ. ಬೆಂದ ಹಿಟ್ಟು ಹಸಿ ಹಿಟ್ಟಿಗಿಂತ ಜಾಸ್ತಿ ನೀರು ಹಿಡಿದುಕೊಳ್ಳುತ್ತೆ. ಇದನ್ನೇ ಮೈದಾಗೂ ಮಾಡಿದರೆ?

ಮಾಡಿದೆ. 250 ಗ್ರಾಂ ಮೈದಾದಲ್ಲಿ 20 ಗ್ರಾಂ, ಅಂದರೆ 2 ದೊಡ್ಡ ಚಮಚ, ತೆಗೆದು 100 ಮಿಲಿ ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಯಾಡಿಸಬೇಕು. ಚಿಕ್ಕವರಿದ್ದಾಗ ಗಾಳಿಪಟಕ್ಕೆ ಅಂಟು ಕಾಯಿಸುತ್ತಿದ್ದೆವಲ್ಲ, ಅದೇ ಹದ. ಚಮಚ ಎಳೆದರೆ ತಳದಲ್ಲಿ ಗೆರೆ ಉಳಿಯಬೇಕು. ಈ ಗಂಜಿ ಪೂರ್ತಿ ಆರಲಿ. ಬಿಸಿ ಇದ್ದಾಗ ಯೀಸ್ಟ್ ಹಾಕಿದರೆ ಸತ್ತುಹೋಗುತ್ತೆ. ಆಮೇಲೆ ಅದಕ್ಕೆ ಉಳಿದ ಮೈದಾ, ಅರ್ಧ ಚಿಕ್ಕ ಚಮಚ ಇನ್‌ಸ್ಟಂಟ್ ಯೀಸ್ಟ್, ಒಂದು ದೊಡ್ಡ ಚಮಚ ಸಕ್ಕರೆ, ಒಂದು ಚಿಕ್ಕ ಚಮಚ ಉಪ್ಪು, 2 ದೊಡ್ಡ ಚಮಚ ಕಡಲೆಕಾಯಿ ಎಣ್ಣೆ, ಜೊತೆಗೆ 60-70 ಮಿಲಿ ನೀರು. ಹತ್ತು ನಿಮಿಷ ಚೆನ್ನಾಗಿ ನಾದಬೇಕು. ಇಲ್ಲಿ ಸೋಮಾರಿತನ ನಡೆಯಲ್ಲ.

ಒಂದು ಈರುಳ್ಳಿ, ಮೂರು ಹಸಿಮೆಣಸಿನಕಾಯಿ, ಒಂದು ಹಿಡಿ ಸಬ್ಬಸಿಗೆ ಸೊಪ್ಪು ಸಣ್ಣಗೆ ಹೆಚ್ಚಿ, ಎಣ್ಣೆಯಲ್ಲಿ ಎರಡೇ ನಿಮಿಷ ಬಾಡಿಸಿ, ಆರಿಸಿ, ನಾದಿದ ಮೇಲೆ ಸೇರಿಸುತ್ತೇನೆ. ಕೊತ್ತಂಬರಿಯೂ ಆಗುತ್ತೆ, ಆದರೆ ಸಬ್ಬಸಿಗೆಯ ಘಮ ಬರಲ್ಲ.

ಇದಿಷ್ಟೂ ಶನಿವಾರ ರಾತ್ರಿಯ ಕೆಲಸ. ಹಿಟ್ಟನ್ನು ಡಬ್ಬಿಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿಟ್ಟು ಮಲಗುತ್ತೇನೆ. ಬೆಳಿಗ್ಗೆ ಎಂಟು ಉಂಡೆ ಮಾಡಿ, ಒದ್ದೆ ಬಟ್ಟೆ ಮುಚ್ಚಿ, ಉಬ್ಬಲು ಒಂದು ಗಂಟೆಯಾದರೂ ಬಿಡುತ್ತೇನೆ. ಡಿಸೆಂಬರ್ ಚಳಿಯಲ್ಲಿ ಒಂದೂವರೆ ಗಂಟೆ ಹಿಡಿಯುತ್ತೆ. ಮೇಲೆ ಬೆಲ್ಲದ ನೀರು ಸವರಿದರೆ ಹಾಲು ಸವರಿದಷ್ಟೇ ಕೆಂಪು ಬರುತ್ತೆ. ಓವನ್ 190 ಡಿಗ್ರಿ ಸೆಲ್ಸಿಯಸ್ ಇದ್ದರೆ 18-20 ನಿಮಿಷ ಸಾಕು. ತೆಗೆದ ತಕ್ಷಣ ಒಂಚೂರು ಎಣ್ಣೆ ಸವರಿ, ಬಟ್ಟೆ ಮುಚ್ಚಿಡಬೇಕು.

ಈಗ ಮಾರನೇ ದಿನವೂ ಮೆತ್ತಗಿರುತ್ತೆ. ಮಗಳು ಕಾಯಿ ಚಟ್ನಿ ಜೊತೆ ಎರಡು ತಿಂದು, ಒಂದನ್ನು ಡಬ್ಬಿಗೆ ಹಾಕಿಕೊಳ್ಳುತ್ತಾಳೆ. ಅತ್ತೆ ಮಾತ್ರ ಬಿಸಿ ಇರುವಾಗಲೇ ಬನ್ ಮಧ್ಯಕ್ಕೆ ಸೀಳಿ, ಗೋಡೆ ಕಡೆ ತಿರುಗಿಕೊಂಡು ಬೆಣ್ಣೆ ಸವರಿಕೊಳ್ಳುತ್ತಾರೆ. ನಾವಿಬ್ಬರೂ ನೋಡಿಯೇ ಇಲ್ಲ ಅನ್ನೋ ಹಾಗೆ ಕಾಫಿ ಕುಡಿಯುತ್ತೇವೆ.