ಬಳ್ಳಾರಿಯ ಮನೆಯಲ್ಲಿ ಕ್ಲೌನ್ ಮೀನಿಗೆ ಹವಳದ ಆಸರೆ

ಸಮುದ್ರದಲ್ಲಿ ಕ್ಲೌನ್ ಮೀನು ಆಶ್ರಯ ಪಡೆಯುವುದು ಕುಟುಕುವ ಎಳೆಗಳುಳ್ಳ ಮೆತ್ತನೆಯ ಕಡಲಜೀವಿಗಳಾದ ಸೀ ಅನಿಮೋನ್‌ಗಳಲ್ಲಿ. ಆದರೆ ಮನೆಯ ಉಪ್ಪುನೀರಿನ ಅಕ್ವೇರಿಯಂ ತೊಟ್ಟಿಯಲ್ಲಿ ಅನಿಮೋನ್ ಇಲ್ಲದಿದ್ದರೆ, ಬಳುಕುವ ಎಳೆಗಳುಳ್ಳ ಹ್ಯಾಮರ್, ಟಾರ್ಚ್ ಅಥವಾ ಲೆದರ್ ಹವಳವನ್ನೇ ಅದು ಮನೆಯಾಗಿಸಿಕೊಳ್ಳುವುದುಂಟು. ಇವುಗಳಲ್ಲಿ ಮೊದಲೆರಡು ಗಟ್ಟಿ ಹವಳಗಳು, ಅಂದರೆ ಸುಣ್ಣದ ಅಸ್ಥಿಪಂಜರವುಳ್ಳವು; ಲೆದರ್ ಮೆದು ಹವಳ. ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿರುವುದರಿಂದ ದಾಖಲೆಯಿಲ್ಲದ ತುಂಡನ್ನು ಕೊಳ್ಳಲೇಬಾರದು. ಮೀನಿನ ಉಜ್ಜಾಟವನ್ನು ಸಹಿಸಿಕೊಳ್ಳುವ ಲೆದರ್ ಹವಳವೇ ಹೊಸಬರಿಗೆ ಮೇಲೆಂಬುದು ನನ್ನ ಅಭಿಪ್ರಾಯ.

ನಮ್ಮೂರಿನಲ್ಲಿ ನಿಜವಾದ ಸವಾಲು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದರೂ ತೊಟ್ಟಿಯ ನೀರು 25ರಿಂದ 26 ಡಿಗ್ರಿಯಲ್ಲೇ ಇರಬೇಕಾದ್ದರಿಂದ ನೀರನ್ನು ತಂಪಾಗಿಸುವ ಯಂತ್ರವಾದ ಚಿಲ್ಲರ್ ಅನಿವಾರ್ಯ. ಬರೀ ಫ್ಯಾನ್ ನೆಚ್ಚಿಕೊಂಡರೆ ನೀರು ಬೇಗ ಆವಿಯಾಗಿ, ಉಪ್ಪು ಅಲ್ಲೇ ಉಳಿದು, ಲವಣಾಂಶ ಏರುತ್ತದೆ. ಕಡಿಮೆಯಾದಷ್ಟು ನೀರನ್ನು ಪ್ರತಿದಿನ ಉಪ್ಪು ಬೆರೆಸದ ಆರ್‌ಓ ನೀರಿನಿಂದಲೇ ತುಂಬಿ, ಲವಣಾಂಶವನ್ನು ಸೂಚಿಸುವ ಸಾಪೇಕ್ಷ ಸಾಂದ್ರತೆಯನ್ನು 1.025ರ ಆಸುಪಾಸಿನಲ್ಲಿ ಕಾಯ್ದುಕೊಳ್ಳಬೇಕು. ಗಡಸಾದ ಕೊಳವೆಬಾವಿ ನೀರನ್ನು ನೇರವಾಗಿ ಸುರಿಯುವುದು ಬೇಡ. ಕರೆಂಟ್ ಹೋದಾಗ ನೆರವಾಗಲು ಬ್ಯಾಟರಿಯ ಏರ್ ಪಂಪ್ ಇರಲಿ.

ಹವಳವನ್ನು ಮೀನು ರಾತ್ರಿ ತಂಗುವ ಮೂಲೆಯ ಬಳಿ, ಬಂಡೆಗೆ ಅಲುಗಾಡದಂತೆ ಅಂಟಿಸಬೇಕು. ಟಾರ್ಚ್ ಹವಳವಾದರೆ, ಅದರ ಕುಟುಕು ತಗಲದಂತೆ ಇತರ ಹವಳಗಳಿಂದ ಒಂದು ಗೇಣಾದರೂ ದೂರವಿರಲಿ. ಹವಳವು ಕೆಲವು ವಾರ ಚೆನ್ನಾಗಿ ಅರಳಿ ನೆಲೆಗೊಂಡ ಬಳಿಕವೇ ಮೀನನ್ನು ಬಿಡುವುದು ಕ್ಷೇಮ. ಮೀನನ್ನು ಬಲವಂತವಾಗಿ ಅತ್ತ ಅಟ್ಟಬಾರದು. ಕೆಲವು ಒಂದೇ ದಿನದಲ್ಲಿ ಸೇರಿಕೊಳ್ಳುತ್ತವೆ, ಕೆಲವು ತಿಂಗಳುಗಟ್ಟಲೆ ಕಾಯಿಸುತ್ತವೆ, ಇನ್ನು ಕೆಲವು ಹವಳವನ್ನು ಬಿಟ್ಟು ಪಂಪಿನ ಮೂಲೆಯನ್ನೇ ಮೆಚ್ಚುತ್ತವೆ! ಸೇರಿಕೊಂಡ ಮೇಲೆ ಹವಳವು ಹಲವು ದಿನ ಮುದುಡಿಯೇ ಇದ್ದರೆ, ಅದರ ಮೇಲೆ ತೂತುಗಳುಳ್ಳ ಪ್ಲಾಸ್ಟಿಕ್ ಬುಟ್ಟಿಯನ್ನು ಕವುಚಿ, ಚೇತರಿಸಿಕೊಳ್ಳುವವರೆಗೆ ಮೀನನ್ನು ದೂರವಿಡಬೇಕು.