ಡಂಕ್ಲಿಯೋಸ್ಟಿಯಸ್ ಚಿತ್ರ ಬಿಡಿಸುವುದು ಹೇಗೆ

ಈ ಮೀನನ್ನು ಬಿಡಿಸಲು ಕೂತರೆ ಮೊದಲು ತಲೆ ಬಿಡಿಸಿ. ನಾನು ಯಾವಾಗಲೂ ಹಾಗೇ ಮಾಡುತ್ತೇನೆ. ಸುಮಾರು 36 ಕೋಟಿ ವರ್ಷಗಳ ಹಿಂದೆ, ಡೆವೋನಿಯನ್ ಯುಗದ ಕೊನೆಯಲ್ಲಿ ಬದುಕಿದ್ದ ಈ ಜೀವಿಯಲ್ಲಿ ನಮಗೆ ಚೆನ್ನಾಗಿ ಸಿಕ್ಕಿರುವುದು ತಲೆ ಮತ್ತು ಎದೆಯ ಮೂಳೆ ಕವಚ ಮಾತ್ರ. ಹಿಂದಿನ ಮೈಯೊಳಗೆ ಇದ್ದದ್ದು ಹೆಚ್ಚಾಗಿ ಮೆದು ಮೂಳೆ, ಅದು ಉಳಿಯಲಿಲ್ಲ. ಅಮೆರಿಕದ ಓಹಾಯೋದಲ್ಲಿ ಸಿಕ್ಕ ಕವಚಗಳು ಕ್ಲೀವ್‌ಲ್ಯಾಂಡ್‌ನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿವೆ. ಅವುಗಳ ಫೋಟೋ ಎದುರಿಗಿಟ್ಟುಕೊಳ್ಳಿ. ಬೇರೆಯವರ ಚಿತ್ರ ನೋಡಿ ಬಿಡಿಸಬೇಡಿ, ದಯವಿಟ್ಟು.

ಕಣ್ಣು ಮೂತಿಗೆ ತೀರಾ ಹತ್ತಿರ ಬರಬೇಕು. ಆಮೇಲೆ ಬಾಯಿ. ಇಲ್ಲಿ ನಿಧಾನ ಮಾಡಿ. ಸಾಲು ಸಾಲು ಹಲ್ಲು ಬೇಡ, ಈ ಮೀನಿಗೆ ಅಂಥ ಹಲ್ಲೇ ಇರಲಿಲ್ಲ. ದವಡೆಯ ಮೂಳೆಯೇ ಅಲಗಾಗಿತ್ತು. ಮೇಲಿನ ಅಲಗೂ ಕೆಳಗಿನ ಅಲಗೂ ಒಂದಕ್ಕೊಂದು ಉಜ್ಜಿ ತಾವೇ ಹರಿತವಾಗುತ್ತಿದ್ದವು. ಮುಂದುಗಡೆ ಮೇಲೆ ಎರಡು, ಕೆಳಗೆ ಎರಡು ಚೂಪು ಮೊನೆ. ಅವುಗಳ ಹಿಂದೆ ಕತ್ತರಿಯಂಥ ಅಂಚು. ಅಷ್ಟು ಸಾಕು.

ಬಾಯಿ ತೆರೆದಂತೆ ಬಿಡಿಸುವುದಾದರೆ ಕೆಳದವಡೆಯನ್ನಷ್ಟೇ ಇಳಿಸಬೇಡಿ, ತಲೆಯನ್ನೂ ಮೇಲಕ್ಕೆತ್ತಿ. ತಲೆಯ ಕವಚಕ್ಕೂ ಎದೆಯ ಕವಚಕ್ಕೂ ನಡುವೆ ಎರಡೂ ಬದಿಯಲ್ಲಿ ಕೀಲು ಇತ್ತು. ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ ಬಾಯಿ ತೆರೆದು ಬೇಟೆಯನ್ನು ಒಳಗೆಳೆದುಕೊಳ್ಳುತ್ತಿತ್ತು ಎಂದು ಲೆಕ್ಕ ಹಾಕಿದ್ದಾರೆ. ಆ ರಭಸ ನಿಮ್ಮ ಗೆರೆಯಲ್ಲಿ ಕಾಣಬೇಕು ಅಲ್ವಾ?

ಇನ್ನು ಮೈ. ಹಳೆಯ ಚಿತ್ರಗಳಲ್ಲಿ ಇದು ಎಂಟು, ಹತ್ತು ಮೀಟರಿನ ಉದ್ದನೆಯ ಪ್ರಾಣಿ. 2023ರಲ್ಲಿ ಬಂದ ಅಧ್ಯಯನ ತಲೆಯ ಅಳತೆಯಿಂದ ಲೆಕ್ಕ ಹಾಕಿ, ಬೆಳೆದ ಮೀನು ಸುಮಾರು 3.4 ಮೀಟರ್, ತೀರಾ ದೊಡ್ಡದು 4 ಮೀಟರಿಗಿಂತ ಸ್ವಲ್ಪ ಜಾಸ್ತಿ ಎಂದಿತು. ನನಗೆ ಈ ಗಿಡ್ಡ, ದಪ್ಪ ಮೀನೇ ಹೆಚ್ಚು ಇಷ್ಟ. ಆ ಭಾರದ ತಲೆಗೆ ಇಂಥ ತುಂಬಿದ ಮೈಯೇ ಸರಿ. ಹಾವಿನಂತೆ ಎಳೆಯಬೇಡಿ. ಬಾಲವನ್ನು ಶಾರ್ಕಿನ ಬಾಲದಂತೆ ಬಿಡಿಸಬಹುದು, 2017ರ ಅಧ್ಯಯನವೊಂದು ಆ ಕಡೆಗೇ ಬೆರಳು ತೋರಿಸಿದೆ.

ಬಣ್ಣ ನಿಮ್ಮಿಷ್ಟ. ನಾನು ಬೆನ್ನು ಕಪ್ಪಾಗಿ, ಹೊಟ್ಟೆ ಬಿಳಿಚಾಗಿ ಹಾಕುತ್ತೇನೆ, ತೆರೆದ ಸಮುದ್ರದ ಇಂದಿನ ಎಷ್ಟೋ ಮೀನುಗಳು ಹಾಗಿವೆ. ಕೊನೆಗೆ ಕವಚದ ಮೇಲೆ ಚರ್ಮ ಹೊದಿಸಿ. ಮೂಳೆಯ ಪ್ರತಿ ಸಂದನ್ನೂ ಕಪ್ಪು ಗೆರೆಯಿಂದ ತೋರಿಸಿದರೆ ಅದು ಪಳೆಯುಳಿಕೆ ಈಜಿದಂತೆ ಕಾಣುತ್ತದೆ.