ಸೆಕೆಂಡ್ ಹ್ಯಾಂಡ್ ಸಣ್ಣ ಕಾರು: ಮೊದಲು ಮೆಕ್ಯಾನಿಕ್ ಹುಡುಕಿ, ಆಮೇಲೆ ಕಾರು

ಮೂರು ಲಕ್ಷದೊಳಗೆ ಒಂದು ಸಣ್ಣ ಕಾರು ಬೇಕು. ಮೈಲೇಜ್ ಚೆನ್ನಾಗಿರಬೇಕು, ಕೆಟ್ಟರೆ ಊರಲ್ಲೇ ರಿಪೇರಿ ಆಗಬೇಕು. ಇಷ್ಟೇ ಆಸೆ ಇಟ್ಟುಕೊಂಡು ಹೊರಟವರು ಕೊನೆಗೆ ಮಾಡುವುದೇನು? ಮೊಬೈಲಿನಲ್ಲಿ ಫೋಟೊ ನೋಡಿ ಬಣ್ಣ ಮೆಚ್ಚುತ್ತಾರೆ. ಸಂಜೆ ಹೊತ್ತಲ್ಲಿ ಹೋಗಿ, ಎರಡು ಸುತ್ತು ಓಡಿಸಿ, ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಮೆಕ್ಯಾನಿಕ್‌ಗೆ ತೋರಿಸುವುದು ಪೂಜೆ ಮಾಡಿಸಿ ಚಕ್ರಕ್ಕೆ ನಿಂಬೆಹಣ್ಣು ಇಟ್ಟಮೇಲೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಹಾಗೆ. ಇದನ್ನು ತಲೆಕೆಳಗು ಮಾಡಿ.

ಹೆಜ್ಜೆ 1: ಗ್ಯಾರೇಜಿಗೆ ಹೋಗಿ

ನಿಮ್ಮ ಮನೆಗೆ ಹತ್ತಿರದ, ನಿಮಗೆ ನಂಬಿಕೆಯಿರುವ ಮೆಕ್ಯಾನಿಕ್ ಬಳಿ ಎರಡೇ ಪ್ರಶ್ನೆ ಕೇಳಿ. ನಿಮ್ಮ ಕೈಗೆ ಜಾಸ್ತಿ ಬರುವ ಗಾಡಿ ಯಾವುದು? ಅದರ ಕ್ಲಚ್ ಪ್ಲೇಟ್ ಇವತ್ತು ಬೇಕೆಂದರೆ ಇವತ್ತೇ ಸಿಗುತ್ತಾ? ಎರಡನೇ ಪ್ರಶ್ನೆಯನ್ನು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೂ ಕೇಳಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ, ಹಳೇ ಭಾಗಗಳಿಗೆ ಶಿವಾಜಿನಗರದ ಗುಜರಿ ಇದೆ. ಹೊಸದುರ್ಗದಲ್ಲೋ ಸಿಂಧನೂರಿನಲ್ಲೋ ಇರುವವರು ಅಲ್ಲಿನ ಅಂಗಡಿಯಲ್ಲಿ ಏನಿದೆಯೋ ಅದನ್ನೇ ನಂಬಬೇಕು.

ಹೆಜ್ಜೆ 2: ಮಾಡೆಲ್ ಆರಿಸಿ

ಉತ್ತರ ಹೆಚ್ಚಾಗಿ ಮಾರುತಿ ಅಂತಲೇ ಬರುತ್ತದೆ. ನನ್ನನ್ನು ಕೇಳಿದರೆ 1 ಲೀಟರ್ ಎಂಜಿನ್ನಿನ ವ್ಯಾಗನ್ ಆರ್ ಅಥವಾ ಆಲ್ಟೊ ಕೆ10. ಇವುಗಳಲ್ಲಿ ಎಂಜಿನ್ನಿನ ಒಳಭಾಗಗಳನ್ನು ಒಂದೇ ಲಯದಲ್ಲಿ ಓಡಿಸುವ ಟೈಮಿಂಗ್ ಚೈನ್ ಇದೆ. 2012ರಿಂದ 2023ರವರೆಗೆ ಮಾರಾಟವಾದ ಆಲ್ಟೊ 800 ಇನ್ನೂ ಅಗ್ಗ, ಇನ್ನೂ ಸರಳ. ಆದರೆ ಅದರದ್ದು ಚೈನ್ ಬದಲು ರಬ್ಬರಿನ ಟೈಮಿಂಗ್ ಬೆಲ್ಟ್, ಕಾಲಕಾಲಕ್ಕೆ ಬದಲಿಸಬೇಕು. ಯಾವಾಗ ಬದಲಿಸಿದ್ದಾರೆ ಅಂತ ಬಿಲ್ ತೋರಿಸದಿದ್ದರೆ ಆ ಖರ್ಚು ನಿಮ್ಮದೇ ಎಂದು ಲೆಕ್ಕ ಹಾಕಿ. ಹುಂಡೈ ಐ10 ಕೂಡ ಒಳ್ಳೆಯ ಗಾಡಿ. ಓಡಿಸಲು ಮಾರುತಿಗಿಂತ ಹಿತ, ಮೈಲೇಜ್ ಸ್ವಲ್ಪ ಕಡಿಮೆ.

ಷೆವರ್ಲೆ ಬೀಟ್, ಫೋರ್ಡ್ ಫಿಗೊ, ಡಾಟ್ಸನ್ ರೆಡಿಗೊ ಆಸೆ ಹುಟ್ಟಿಸುವಷ್ಟು ಕಡಿಮೆ ಬೆಲೆಗೆ ಸಿಗುತ್ತವೆ. ಕಾರುಗಳು ಕೆಟ್ಟವೇನಲ್ಲ. ಆದರೆ ಷೆವರ್ಲೆ 2017ರ ಕೊನೆಗೆ, ಫೋರ್ಡ್ 2021ರಲ್ಲಿ, ಡಾಟ್ಸನ್ 2022ರಲ್ಲಿ ಇಲ್ಲಿ ಅಂಗಡಿ ಮುಚ್ಚಿದವು. ಒಂದು ಹೆಡ್‌ಲೈಟಿಗೆ ವಾರಗಟ್ಟಲೆ ಕಾಯುವ ತಾಳ್ಮೆ ಇದ್ದರೆ ಮಾತ್ರ ಕೊಳ್ಳಿ.

ಡೀಸೆಲ್ ಬೇಡ. ದಿನಕ್ಕೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸುವವರು ಡೀಸೆಲ್‌ನಲ್ಲಿ ಉಳಿಸಿದ್ದನ್ನು ಒಂದು ಇಂಜೆಕ್ಟರ್ ರಿಪೇರಿ ನುಂಗುತ್ತದೆ. ಗೇರ್ ತಾನೇ ಬದಲಾಗುವ ಎಎಂಟಿಯೂ ಹಳೆಯದಾದ ಮೇಲೆ ಬೇಡ. ಅದನ್ನು ಬಿಚ್ಚಲು ಎಲ್ಲ ಗ್ಯಾರೇಜಿನವರೂ ಒಪ್ಪುವುದಿಲ್ಲ.

ಮೈಲೇಜ್ ಬಗ್ಗೆ ಒಂದು ಮಾತು. ಬಿಎಸ್6 ಎಂಬ ಹೊಗೆ ನಿಯಮಕ್ಕೆ ತಯಾರಾದ ಆಲ್ಟೊ 800ಕ್ಕೆ ಕಂಪನಿ ಹೇಳಿದ್ದು ಲೀಟರಿಗೆ 22.05 ಕಿ.ಮೀ. ಬೆಂಗಳೂರಿನ ಸಿಗ್ನಲ್‌ಗಳಲ್ಲಿ 14-15 ಬಂದರೆ ಗಾಡಿ ಚೆನ್ನಾಗಿದೆ ಎಂದೇ ಅರ್ಥ. ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಗುಳಿಗೆಗಳಿಂದ ಮೈಲೇಜ್ ಹೆಚ್ಚುತ್ತದೆ ಅನ್ನುವುದೆಲ್ಲ ಸುಮ್ನೆ. ಆ ದುಡ್ಡಿಗೆ ಒಂದು ಏರ್ ಫಿಲ್ಟರ್ ಬರುತ್ತದೆ.

ಹೆಜ್ಜೆ 3: ಬೆಳಿಗ್ಗೆ, ತಣ್ಣಗಿರುವ ಎಂಜಿನ್ ನೋಡಿ

ಎಲ್ಲರೂ ಎಡವುವುದು ಇಲ್ಲೇ. "ಡಾಕ್ಟರ್ ಓಡಿಸಿದ ಗಾಡಿ ಸಾರ್, ಸಿಂಗಲ್ ಓನರ್" ಎಂಬ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಹಿಂದಿನ ದಿನವೇ ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬನ್ನಿ. ಬಿಸಿ ಎಂಜಿನ್ ತನ್ನ ರೋಗವನ್ನು ಅರ್ಧ ಮುಚ್ಚಿಡುತ್ತದೆ.

ಮೊದಲು ಎಂಜಿನ್ ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್ ಎಳೆಯಿರಿ. ಆಯಿಲ್ ಕಪ್ಪಗಿದ್ದರೆ ಪರವಾಗಿಲ್ಲ, ಬದಲಿಸಿದರಾಯಿತು. ಹಾಲು ಬೆರೆತಂತಿದ್ದರೆ ಒಳಗೆ ನೀರು ಸೇರಿದೆ, ಅಲ್ಲಿಗೇ ಬಿಡಿ. ಅಂಟಂಟಾಗಿ ತೀರಾ ದಪ್ಪ ಇದ್ದರೂ ಅನುಮಾನ ಪಡಿ. ಸವೆದ ಎಂಜಿನ್ನಿನ ಸದ್ದು ಅಡಗಿಸಲು ದಪ್ಪ ಆಯಿಲ್ ಸುರಿಯುವುದು ಹಳೇ ಉಪಾಯ. ಆಮೇಲೆ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಎಂಜಿನ್ ತಣ್ಣಗಿದ್ದಾಗ ಮಾತ್ರ, ಬಿಸಿಯಿದ್ದರೆ ಮುಖ ಸುಡುತ್ತದೆ. ಎಂಜಿನ್ ತಂಪಾಗಿಡುವ ಕೂಲಂಟ್ ದ್ರವ ಬಣ್ಣದ್ದಾಗಿ, ತಿಳಿಯಾಗಿರಬೇಕು. ತುಕ್ಕಿನ ನೀರು ಕಂಡರೆ ಇಷ್ಟು ವರ್ಷ ನಲ್ಲಿ ನೀರು ಕುಡಿಸಿದ್ದಾರೆ ಎಂದಾಯಿತು.

ಈಗ ಸ್ಟಾರ್ಟ್ ಮಾಡಿಸಿ. ನೀವು ಒಳಗೆ ಕೂರಬೇಡಿ, ಸೈಲೆನ್ಸರ್ ಹಿಂದೆ ನಿಲ್ಲಿ. ಚಳಿಗೆ ಸ್ವಲ್ಪ ಬಿಳಿ ಆವಿ ಬಂದು ಕೆಲವೇ ನಿಮಿಷದಲ್ಲಿ ನಿಂತರೆ ಸರಿ. ನಿಲ್ಲದೆ ಬರುತ್ತಲೇ ಇದ್ದರೆ ಕೂಲಂಟ್ ಉರಿಯುತ್ತಿರಬಹುದು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಎಂಜಿನ್ ಕೆಲಸ ಇದೆ. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಅದು ಒಂದು ಸೆನ್ಸರಿನಲ್ಲಿ ಸರಿಹೋಗಲೂಬಹುದು.

ಎಂಜಿನ್ ಓಡುತ್ತಿರುವಾಗಲೇ ಆಯಿಲ್ ತುಂಬುವ ಮುಚ್ಚಳ ಸಡಿಲಿಸಿ. ಅಲ್ಲಿಂದ ಪುಸ್ ಪುಸ್ ಎಂದು ಹೊಗೆ ನುಗ್ಗಿದರೆ ಪಿಸ್ಟನ್ ರಿಂಗ್ ಸವೆದಿದೆ. ಇದನ್ನು ಮಾತ್ರ ಯಾರೂ ನೋಡುವುದಿಲ್ಲ. ಕೊನೆಗೆ ಎಸಿ ಹಾಕಿ, ಗಾಡಿಯನ್ನು ನಿಂತಲ್ಲೇ ಕಾಲು ಗಂಟೆ ಓಡಲು ಬಿಡಿ. ಮಾರುವವರು ಚಡಪಡಿಸುತ್ತಾರೆ, ಚಡಪಡಿಸಲಿ. ರೇಡಿಯೇಟರ್ ಫ್ಯಾನ್ ತಿರುಗಬೇಕು, ಬಿಸಿಯ ಮುಳ್ಳು ಮೇಲೇರಬಾರದು. ಮುಳ್ಳಿಲ್ಲದ ಮಾಡೆಲ್ ಆದರೆ ಕೆಂಪು ದೀಪ ಹತ್ತಬಾರದು.

ಓಡಿಸುವಾಗ ನುಣ್ಣನೆ ರಸ್ತೆ ಬೇಡ, ಹಂಪು ಮತ್ತು ಏರು ಇರುವ ಕಡೆ ಹೋಗಿ. ಹಾಡು ಆಫ್ ಮಾಡಿ. ಏರಿನಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸದ್ದು ಮಾತ್ರ ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತು ಹೊಡೆಯಿರಿ. ಕಟಕಟ ಅಂದರೆ ಚಕ್ರ ತಿರುಗಿಸುವ ಆಕ್ಸಲ್‌ನ ಜಾಯಿಂಟ್ ಸವೆದಿದೆ. ಹಂಪಿನಲ್ಲಿ ಟಕ್ ಅಂದರೆ ಸಸ್ಪೆನ್ಷನ್ನಿನ ರಬ್ಬರ್ ಬುಷ್ ಸವೆದಿದೆ.

ಎಂಜಿನ್, ಗೇರ್‌ಬಾಕ್ಸ್, ಚಾಸಿಸ್ ತೊಂದರೆ ಇದ್ದರೆ ಎದ್ದು ಬನ್ನಿ. ಕ್ಲಚ್, ಬುಷ್, ಟೈರ್, ಬ್ಯಾಟರಿ ತೊಂದರೆ ಇದ್ದರೆ ಸಂತೋಷಪಡಿ, ಬೆಲೆ ಇಳಿಸಲು ಕಾರಣ ಸಿಕ್ಕಿತು. ಟೈರ್ ಬದಿಯ ನಾಲ್ಕಂಕಿ ಓದಿ. 2319 ಅಂದರೆ 2019ರ 23ನೇ ವಾರ ತಯಾರಾದದ್ದು.

ಬಾಡಿ ನೋಡಲು ಬಾಗಿಲ ಸುತ್ತಲಿನ ರಬ್ಬರ್ ಬೀಡಿಂಗ್ ಸ್ವಲ್ಪ ಎಳೆಯಿರಿ. ಕಂಪನಿಯ ಗುಂಡು ಗುಂಡನೆ ವೆಲ್ಡಿಂಗ್ ಗುರುತು ಸಾಲಾಗಿ ಕಾಣಬೇಕು. ಇಲ್ಲದಿದ್ದರೆ ಅಲ್ಲಿ ಟಿಂಕರಿಂಗ್ ಆಗಿದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಕೆಸರಿನ ಗೆರೆ ಇದ್ದರೆ ನೀರಲ್ಲಿ ಮುಳುಗಿದ ಗಾಡಿ. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಎಷ್ಟು ಕಾರು ಮುಳುಗಿದ್ದವು, ನೆನಪಿದೆ ಅಲ್ವಾ? ಕರಾವಳಿಯ ಗಾಡಿಯಾದರೆ ಲಿಫ್ಟ್ ಮೇಲೆ ಏರಿಸಿ ತಳದ ತುಕ್ಕು ನೋಡಲೇಬೇಕು.

ಇಷ್ಟಾದ ಮೇಲೂ ಮೊದಲ ಹೆಜ್ಜೆಯ ಆ ಮೆಕ್ಯಾನಿಕ್‌ಗೆ ಒಮ್ಮೆ ತೋರಿಸಿ. ಅರ್ಧ ದಿನದ ಕೂಲಿ ಕೊಡಿ, ಪುಕ್ಕಟೆ ಬೇಡ.

ಹೆಜ್ಜೆ 4: ಕಾಗದಪತ್ರ

ಆರ್‌ಸಿಯಲ್ಲಿ ಸಾಲದ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದೆ ಎಂಬ ಬ್ಯಾಂಕಿನ ಎನ್‌ಒಸಿ ಮತ್ತು ಆ ಹೆಸರು ತೆಗೆಸುವ ಫಾರ್ಮ್ 35 ಬೇಕು. ವರ್ಗಾವಣೆಗೆ ಫಾರ್ಮ್ 29, 30. ಬಾಕಿ ದಂಡವನ್ನು ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ನೋಡಿ, ಮಾರುವವರಿಂದಲೇ ಕಟ್ಟಿಸಿ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಳೇ ಮಾಲೀಕರ ನೋ ಕ್ಲೈಮ್ ಬೋನಸ್, ಅಂದರೆ ಕ್ಲೈಮ್ ಮಾಡದ್ದಕ್ಕೆ ಸಿಗುವ ವಿಮೆಯ ರಿಯಾಯಿತಿ, ನಿಮಗೆ ಬರುವುದಿಲ್ಲ.

ದೆಹಲಿ ಕಡೆಯ ಕಾರು ತುಂಬಾ ಅಗ್ಗ ಎಂದು ಹಿಗ್ಗಬೇಡಿ. ಇಲ್ಲಿ ಮತ್ತೆ ನೋಂದಣಿ, ಮತ್ತೆ ಲೈಫ್ ಟೈಮ್ ಟ್ಯಾಕ್ಸ್ ಕಟ್ಟಬೇಕು. ಕೆಎ ನಂಬರಿನ ಗಾಡಿಯೇ ವಾಸಿ. 15 ವರ್ಷಕ್ಕೆ ಆರ್‌ಸಿ ನವೀಕರಿಸಬೇಕಾಗುವುದರಿಂದ ಹತ್ತು ವರ್ಷ ದಾಟದ ಗಾಡಿ ನೋಡಿ.

ಹೆಜ್ಜೆ 5: ದುಡ್ಡು ಕೊಡುವಾಗ

ಬ್ಯಾಂಕ್ ಮೂಲಕವೇ ಕೊಡಿ. ಕಾರಿನ ಬೆಲೆಯ ಮೇಲೆ ಇಪ್ಪತ್ತು ಸಾವಿರ ಕೈಯಲ್ಲಿ ಇಟ್ಟುಕೊಳ್ಳಿ. ಆಯಿಲ್, ಫಿಲ್ಟರ್, ಕೂಲಂಟ್, ಬ್ರೇಕ್ ಪ್ಯಾಡ್ ಮೊದಲ ವಾರವೇ ಬದಲಿಸಬೇಕು. ಸೀಟ್ ಕವರ್, ಸ್ಪೀಕರ್ ಎಲ್ಲ ಆಮೇಲೆ. ಹೊರಡುವ ಮುಂಚೆ ಎರಡನೇ ಕೀ ಕೇಳಿ ಪಡೆಯಿರಿ. ಚಿಪ್ ಇರುವ ಕೀ ಹೊಸದಾಗಿ ಮಾಡಿಸಲು ಸಾವಿರಗಟ್ಟಲೆ ಆಗುತ್ತದೆ. ಕಳೆದುಹೋಗಿದೆ ಎಂದರೆ ಆ ದುಡ್ಡನ್ನೂ ಬೆಲೆಯಲ್ಲಿ ಕಳೆಯಿರಿ.